ಟಗರಿನ ಉಣ್ಣೆ ಕಟ್ಟಿಕೊಂಡು ಬಾಳೆಮೀನಿಗೆ ಹೋದದ್ದು

ಸಂಕ್ರಾಂತಿ ಮುಗಿದ ಮೂರನೆಯ ದಿನ, ಬೆಳಗಿನ ಆರೂವರೆಗೆ, ಧಾರವಾಡದಲ್ಲಿ ಮುಧೋಳದ ಬಸ್ಸು ಹತ್ತಿದೆ. ಹೆಗಲಿಗೆ ಒಂದು ಚೀಲ, ಕೈಯಲ್ಲಿ ನಾಲ್ಕೂವರೆ ಅಡಿ ಉದ್ದದ ಅಲ್ಯೂಮಿನಿಯಂ ಕೊಳವೆ. ಕಂಡಕ್ಟರ್ ಮೊದಲು ಕೊಳವೆ ನೋಡಿದ, ಆಮೇಲೆ ನನ್ನ ಮೀಸೆ ನೋಡಿದ, ಎರಡನ್ನೂ ಕೂಡಿಸಿ ಲೆಕ್ಕ ಹಾಕಿದ.

“ಫೌಜಿನ್ಯಾಗ ಅದೀರೇನ್ರಿ? ಬಂದೂಕ ತಗೊಂಡ ಬಸ್ ಹತ್ತಂಗಿಲ್ರಿ.”

“ಬಂದೂಕ ಅಲ್ಲೋ ಮಾರಾಯಾ, ಮೀನ ಹಿಡಿಯೂ ಕೋಲು.”

“ಮೀನ ಹಿಡಿಯೂ ಕೋಲಿಗೆ ಇಷ್ಟ ದೊಡ್ಡ ಅಂಗಿ!” ಎಂದು ತೆರೆದ ಬಾಯಿ ಮುಚ್ಚದೆ, ಕೊಳವೆಗೂ ಅರ್ಧ ಟಿಕೇಟು ಹರಿದು ಕೊಟ್ಟ. ಇಪ್ಪತ್ತೈದು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿರುವ ನನಗೆ ಹುಡುಗರ ಮೇಲೆ ಸಿಟ್ಟು ಮಾಡಿ ಅಭ್ಯಾಸವೇ ಹೊರತು ಕಂಡಕ್ಟರನ ಮೇಲೆ ಅಲ್ಲ. ತೆಪ್ಪಗೆ ಕಿಟಕಿಯ ಪಕ್ಕ ಕುಳಿತು ಮೀಸೆ ತೀಡಿಕೊಂಡೆ.

ಆ ಕೋಲು ನನ್ನ ಕೈಗೆ ಬಂದದ್ದು ಒಬ್ಬ ರೈಲ್ವೆ ಅಧಿಕಾರಿಯಿಂದ. ನಿವೃತ್ತಿಯಾಗಿ ಊರಿಗೆ ಹೋಗುವಾಗ ಅವರು ತಮ್ಮ ಗಾಳದ ಸಾಮಾನನ್ನೆಲ್ಲ ನನಗೆ ಕೊಟ್ಟು, ಎಸೆಯುವುದನ್ನೂ ಕಲಿಸಿ ಹೋದರು. ಎರಡು ತುಂಡಿನ, ಎಂಟೂವರೆ ಅಡಿಯ ಕೋಲು. ಅಂಗೈ ತುಂಬುವ ರೀಲು. ನಮ್ಮೂರ ಗಾಳದಲ್ಲಿ ಎರೆಹುಳ ಚುಚ್ಚಿ, ಸೀಸದ ಗುಂಡು ಕಟ್ಟಿ ಎಸೆದರೆ ಗುಂಡಿನ ಭಾರವೇ ದಾರ ಎಳೆದುಕೊಂಡು ಹೋಗುತ್ತದೆ. ಇಲ್ಲಿ ಹಾಗಲ್ಲ. ಗಾಳಕ್ಕೆ ಗರಿ, ಉಣ್ಣೆ, ನೂಲು ಸುತ್ತಿ ಹುಳದ ಹಾಗೆಯೋ ಮರಿಮೀನಿನ ಹಾಗೆಯೋ ಕಟ್ಟಿರುತ್ತಾರೆ. ಹುಳ ಎಂದೇ ನಾನು ಕರೆಯುವ ಅದಕ್ಕೆ ತೂಕವೇ ಇಲ್ಲ. ತೂಕ ಇರುವುದು ದಾರಕ್ಕೆ. ಆ ದಪ್ಪ ದಾರವನ್ನು ಮೊದಲು ಹಿಂದಕ್ಕೆ ಬೀಸಬೇಕು, ಅದು ಬೆನ್ನ ಹಿಂದೆ ಪೂರ್ತಿ ಚಾಚಿಕೊಳ್ಳುವ ತನಕ ತಾಳಬೇಕು, ಆಮೇಲೆ ಮುಂದಕ್ಕೆ ಬೀಸಬೇಕು. ತಾಳ್ಮೆ ಇಲ್ಲದವನ ದಾರ ಅವನ ಕೊರಳಿಗೇ ಸುತ್ತಿಕೊಳ್ಳುತ್ತದೆ. ಹಿಡಿದ ಮೀನನ್ನು ನಾನು ತಿನ್ನುವುದಿಲ್ಲ, ಬಿಟ್ಟುಬಿಡುತ್ತೇನೆ. ಅದನ್ನೂ ಆ ಅಧಿಕಾರಿಯೇ ಕಲಿಸಿದ್ದು.

ಸವದತ್ತಿ, ಯರಗಟ್ಟಿ ದಾಟಿ ಲೋಕಾಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಬಿಸಿ ಮಿರ್ಚಿ, ಚುರುಮುರಿ, ಚಹಾ ಆಯಿತು. ಮುಧೋಳ ತಲುಪಿದಾಗ ಹನ್ನೊಂದು ಗಂಟೆ. ನಿಲ್ದಾಣದಲ್ಲಿ ಬೀರಪ್ಪ ಕಾಯುತ್ತ ನಿಂತಿದ್ದ. ಅವನು ನನ್ನ ಹಳೆಯ ವಿದ್ಯಾರ್ಥಿ, ಈಗ ಮುಧೋಳದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆತನದ್ದು ಕುರಿ ಮತ್ತು ಹೊಲ; ಅವನ ಊರು ಜಮಖಂಡಿಯ ಆಚೆ ಕೃಷ್ಣೆಯ ದಂಡೆಗೆ. “ಸರ್, ನಮ್ಮ ಹೊಳಿಯಾಗ ಆಳುದ್ದ ಬಾಳಿಮೀನ ಅದಾವ್ರಿ. ಬರ್ರಿ ಒಮ್ಮೆ” ಎಂದು ಮೂರು ವರ್ಷದಿಂದ ಕರೆಯುತ್ತಿದ್ದ. ಅದಕ್ಕೇ ಈ ಪ್ರಯಾಣ.

ಮೊದಲ ದಿನ ಕೈ ಪಳಗಲಿ ಎಂದು ಘಟಪ್ರಭೆಯ ದಂಡೆಗೆ ಹೋದೆವು. ನೀರು ತಿಳಿಯಾಗಿತ್ತು. ಐದನೆಯ ಎಸೆತಕ್ಕೇ ಒಂದು ಗೇಣುದ್ದದ ಬೆಳ್ಳಿ ಬಣ್ಣದ ಮೀನು ಬಂತು. ಗಾಳ ಬಿಡಿಸಿ ಮೆಲ್ಲಗೆ ನೀರಿಗೆ ಬಿಟ್ಟೆ. ಅಷ್ಟರಲ್ಲಿ ನೆರೆದಿದ್ದ ಇಪ್ಪತ್ತು ಜನರ ಗಂಟಲಿನಿಂದ ಒಂದೇ ಸಲ “ಅಯ್ಯಯ್ಯೋ!” ಎಂಬ ಕೂಗು ಹೊರಟಿತು. ಮನುಷ್ಯ ಬಿದ್ದನೇನೋ ಎಂದು ನಾನೇ ಹೆದರಿ ಹಿಂದೆ ನೋಡಿದೆ.

“ಕೈಯಾಗಿಂದು ಬಿಟ್ಟೇಬಿಟ್ರಲ್ರಿ!” ಎಂದ ರುಮಾಲಿನ ಮುದುಕನೊಬ್ಬ. “ಬಿಡಾಕ ಆದ್ರ ಹಿಡದದ್ದ್ಯಾಕ?”

ಅವನಿಗೆ ವಿವರಿಸುವ ಹುಮ್ಮಸ್ಸಿನಲ್ಲಿ ನನ್ನ ಬೆನ್ನ ಹಿಂದೆ ರಸ್ತೆ ಇದೆ ಎಂಬುದನ್ನೇ ಮರೆತೆ. ದಾರ ಹಿಂದಕ್ಕೆ ಬೀಸಿ, ತಾಳಿ, ಮುಂದಕ್ಕೆ ಎಳೆದೆ. ಬರಲಿಲ್ಲ. ಯಾರೋ ಹಿಂದಿನಿಂದ ಜಗ್ಗಿದ ಹಾಗಾಯಿತು. ರೀಲು ಕಿರ್ರೆಂದು ಕಿರುಚತೊಡಗಿತು. ತಿರುಗಿ ನೋಡುತ್ತೇನೆ: ಕಬ್ಬು ಹೇರಿದ ಎರಡು ಟ್ರೇಲರಿನ ಟ್ರ್ಯಾಕ್ಟರು ನನ್ನ ಹುಳ ಕಚ್ಚಿಕೊಂಡು ಸಕ್ಕರೆ ಕಾರ್ಖಾನೆಯ ಕಡೆ ಹೊರಟಿದೆ! ಡ್ರೈವರ್ ದೊಡ್ಡ ಸ್ಪೀಕರಿನಲ್ಲಿ ಹಾಡು ಹಚ್ಚಿದ್ದ. ನಾನು ಕೂಗಿದ್ದು ದೇವರಿಗೂ ಕೇಳಲಿಲ್ಲ. ಕೋಲು ಎತ್ತಿ ಹಿಡಿದು ಹಿಂದೆ ಓಡಿದೆ. ಓಡುವ ಭರದಲ್ಲಿ ಅಂಗಿಯ ಜೇಬಿನಲ್ಲಿದ್ದ ಹುಳಗಳ ಡಬ್ಬಿ ಹಾರಿ, ದಂಡೆಯ ಕಲ್ಲಿಗೆ ಬಡಿದು, ಪುಳಕ್ಕೆಂದು ನೀರಿಗೆ ಬಿತ್ತು. ದಾರದ ತುದಿಗೆ ಹುಳ ಕಟ್ಟುವ ತೆಳು ನೈಲಾನ್ ಎಳೆ ಹರಿದು ದಾರವೇನೋ ಉಳಿಯಿತು. ಆದರೆ ಒಂದು ವರ್ಷ ಕೂತು ಕಟ್ಟಿದ ಅರವತ್ತು ಹುಳಗಳೂ ಘಟಪ್ರಭೆಯ ಪಾಲಾದವು.

“ಟ್ರ್ಯಾಕ್ಟರ್ ಹಿಡದಿದ್ರಿ, ಛಲೋ ಇತ್ತು,” ಎಂದ ಅದೇ ಮುದುಕ. “ಅದನ್ನೂ ಬಿಟ್ರಿ.”

ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಬೀರಪ್ಪನ ಕೋಣೆಗೆ ಹೋಗಿ ಮಲಗಿದೆ.

ಎರಡನೆಯ ದಿನ ಬೀರಪ್ಪ ರಜೆ ಹಾಕಿ ನನ್ನ ಜೊತೆ ಹೊರಟ. ಖಾಲಿ ಗಾಳಗಳ ಪೊಟ್ಟಣ ಚೀಲದಲ್ಲಿತ್ತು. ಕಟ್ಟಲು ನೂಲು ಬೇಕಿತ್ತು. ಮಹಾಲಿಂಗಪುರದಲ್ಲಿ ಬಸ್ಸಿನೊಳಕ್ಕೇ ಬೆಲ್ಲದ ವಾಸನೆ ನುಗ್ಗಿತು. ಬನಹಟ್ಟಿಯಲ್ಲಿ ಇಳಿದರೆ ಓಣಿಯ ತುಂಬ ಮಗ್ಗದ ಸದ್ದು, ಮಾತಾಡಿದರೆ ಪಕ್ಕದವನಿಗೆ ಕೇಳದು. ಬೀರಪ್ಪನ ಗುರುತಿನ ನೇಕಾರರೊಬ್ಬರು ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೈಮಗ್ಗದ ಮುಂದೆ ಕುಳಿತಿದ್ದರು. ಅರವತ್ತು ದಾಟಿದ ವಯಸ್ಸು. ಕಪ್ಪು ರೇಷ್ಮೆ ಎಳೆಯ ಒಂದು ಉಂಡೆ ಕೇಳಿದೆ, ಕೊಟ್ಟರು. ನಾನು ನೈಲಾನ್ ಎಳೆಗೆ ಗಾಳ ಕಟ್ಟುವ ಗಂಟನ್ನು ದೊಡ್ಡಸ್ತಿಕೆಯಿಂದ ಅವರಿಗೆ ತೋರಿಸಿದೆ. ಐದು ಸುತ್ತು ಹಾಕಿ, ತುದಿ ತೂರಿಸಿ, ಬಿಗಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, ಒಂದೇ ಸಲ ಜಗ್ಗಿದರು. ಗಂಟು ಬಿಚ್ಚಿ ಬಂತು. ನನ್ನ ಮುಖ ಸಪ್ಪಗಾಯಿತು.

“ಒಣಾ ಗಂಟ ಬಿಗಿದ್ರಿ. ಬಿಗಿಯೂ ಮುಂದ ಉಗುಳ ಹಚ್ಚಬೇಕ್ರಿ. ಇಲ್ಲಂದ್ರ ಎಳಿ ತಿಕ್ಕ್ಯಾಡಿ ಸುಡತೈತಿ, ಒಳಗಿಂದೊಳಗ ಸಾಯತೈತಿ. ರೇಶ್ಮಿ ಆಗಲಿ ನಿಮ್ಮ ನೈಲಾನ್ ಆಗಲಿ, ಎಲ್ಲಾಕೂ ಒಂದ ಬುದ್ಧಿ.”

ಇದೇ ಮಾತನ್ನು ಆ ರೈಲ್ವೆ ಅಧಿಕಾರಿ ನೂರು ಸಲ ಹೇಳಿದ್ದರು. ಹೌದ್ರಿ ಹೌದ್ರಿ ಎಂದು ತಲೆಯಾಡಿಸಿ ಹೊರಬಿದ್ದೆ. ಕಿವಿಗೆ ಬಿದ್ದದ್ದು ಕೈಗೆ ಇಳಿಯಲಿಲ್ಲ ಎಂಬುದು ಮರುದಿನ ಗೊತ್ತಾಯಿತು.

ಜಮಖಂಡಿಯಿಂದ ಟಂಟಂ ರಿಕ್ಷಾದಲ್ಲಿ ಒಂದು ತಾಸು. ಹದಿನಾಲ್ಕು ಜನ, ಎರಡು ಕೋಳಿ ಮತ್ತು ನನ್ನ ಕೊಳವೆ. ಬೀರಪ್ಪನ ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಅವನ ತಾಯಿ ಲಗಮವ್ವ ಕಾಲಿಗೆ ನೀರು ಕೊಟ್ಟಳು. ಒಣಕಲು ಮೈ, ಹಣೆ ತುಂಬ ಭಂಡಾರದ ಅರಿಸಿನ, ಗಂಡಸಿನಂಥ ದನಿ. ಬಿಸಿ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಮೊಸರು ಬಂತು. ಬಡಿಸುತ್ತಿದ್ದವಳು ಬೀರಪ್ಪನ ತಂಗಿ ಮಾಯವ್ವ, ಏಳು ತಿಂಗಳ ಬಸುರಿ. ಅವಳು ಬಗ್ಗಿದಾಗೆಲ್ಲ ಲಗಮವ್ವ “ನೀ ಕುಂದ್ರ ಬೇ, ನಾ ಹಾಕ್ತೀನಿ” ಎಂದು ಗದರುತ್ತಿದ್ದಳು.

ಊಟವಾದ ಮೇಲೆ ಕಟ್ಟೆಯ ಮೇಲೆ ಬೀರಪ್ಪ ಸಣ್ಣ ದನಿಯಲ್ಲಿ ಹೇಳಿದ. ಮಾಯವ್ವನನ್ನು ಕೊಟ್ಟದ್ದು ಬೀಳಗಿ ಕಡೆಗೆ, ಅಣೆಕಟ್ಟಿನ ಹಿನ್ನೀರು ಬಂದು ಎತ್ತರದ ಜಾಗಕ್ಕೆ ಎದ್ದುಹೋದ ಊರಿಗೆ. ಎರಡು ಸಲ ಎಂಟನೆಯ ತಿಂಗಳಿನಲ್ಲಿ ಕೂಸು ಹೋಗಿತ್ತು. ಇದು ಮೂರನೆಯದು. “ಡಾಕ್ಟರು ಏನೂ ತೊಂದರಿ ಇಲ್ಲ, ಮನಸಿಗೆ ಹಚ್ಚಿಕೋಬ್ಯಾಡ, ಹೊಟ್ಟಿ ತುಂಬ ಉಣ್ಣು ಅಂದಾರ್ರಿ. ಅವ್ವ ಬೀರದೇವರಿಗೆ ಬೇಡಿಕೊಂಡಾಳ. ತಂಗಿಗೆ ಅದ ಒಂದ ಧೈರ್ಯ.” ಏನು ಬೇಡಿಕೊಂಡಿದ್ದಾಳೆಂದು ನಾನು ಕೇಳಲಿಲ್ಲ. ಹರಕೆ, ಮುಡಿಪು ಎಂದರೆ ನನಗೆ ಆಗುವುದಿಲ್ಲ. ತರಗತಿಯಲ್ಲಿ ಆ ಬಗ್ಗೆ ಗಂಟೆಗಟ್ಟಲೆ ಬೈದವನು ನಾನು. ಅಂದು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಮುಂದಿನ ಎರಡು ದಿನ ನನ್ನ ಪಾಲಿಗೆ ಬರುತ್ತಿರಲಿಲ್ಲ.

ಮೂರನೆಯ ದಿನ ನಸುಕಿನಲ್ಲಿ ಚಳಿಗೆ ಎಚ್ಚರವಾಯಿತು. ಗಾಳ ಇತ್ತು, ರೇಷ್ಮೆ ಇತ್ತು, ಹುಳಕ್ಕೆ ಮೈ ಕಟ್ಟಲು ಏನೂ ಇರಲಿಲ್ಲ. ಬಾಳೆಮೀನು ಮರಿಮೀನು ತಿನ್ನುವ ಜಾತಿ. ಅದಕ್ಕೆ ಉದ್ದ ಎಳೆಯ, ನೀರಿನಲ್ಲಿ ಉಸಿರಾಡಿದಂತೆ ಅಲುಗಾಡುವ ಮೈ ಬೇಕು. ಅಂಗಳಕ್ಕೆ ಬಂದೆ. ಹಟ್ಟಿಯ ಕುರಿಗಳಿಗೆಲ್ಲ ಆಗಲೇ ಉಣ್ಣೆ ಕತ್ತರಿಸಿ ಮೈ ಬೋಳಾಗಿತ್ತು. ಆದರೆ ಗೋಡೆಯ ಬದಿಗೆ ಬೇರೆಯಾಗಿ ಕಟ್ಟಿದ ಒಂದು ಕರಿ ಟಗರು ಇತ್ತಲ್ಲ, ಅದನ್ನು ನೋಡಿ ನಾನು ದಂಗಾದೆ. ಹೊಟ್ಟೆಯ ಕೆಳಗೆ ಇಳಿಬಿದ್ದ ಉಣ್ಣೆ! ಒಂದೊಂದು ಎಳೆ ಗೇಣುದ್ದ! ಅಂಥ ಸಾಮಾನು ಪರದೇಶದ ಅಂಗಡಿಯಲ್ಲೂ ಸಿಗದು. ಕೊರಳಿಗೆ ಗಂಟೆ ಇತ್ತು, ಹಣೆಗೆ ಭಂಡಾರ ಮೆತ್ತಿತ್ತು. ಎರಡನ್ನೂ ನೋಡಿದೆ. ಗುರುತಿಗೆ ಬಳಿದಿರಬೇಕು ಎಂದುಕೊಂಡೆ. ವಿಜ್ಞಾನದ ಮಾಸ್ತರನ ಜಾಣತನ ಅಷ್ಟೇ!

ಹುಳ ಕಟ್ಟುವ ಸಣ್ಣ ಕತ್ತರಿ ತೆಗೆದು ಪಕ್ಕೆಯಿಂದ ಒಂದು ಹಿಡಿ ಕತ್ತರಿಸಿಕೊಂಡೆ. ಟಗರು ಮೇವು ಮೆಲ್ಲುತ್ತ ಸುಮ್ಮನೆ ನಿಂತಿತ್ತು. ಕಟ್ಟೆಯ ಮೇಲೆ ಕುಳಿತು ದೊಡ್ಡ ಗಾಳಕ್ಕೆ ಒಂದು ಹುಳ ಕಟ್ಟಿದೆ, ಕೋಳಿಯ ಎರಡು ಗರಿ ಸೇರಿಸಿದೆ. ಉಳಿದ ಚೂರು ಉಣ್ಣೆಯನ್ನು ಕಡ್ಡಿಪೆಟ್ಟಿಗೆಗೆ ತುರುಕಿ ಚೀಲದ ತಳಕ್ಕೆ ಹಾಕಿದೆ. ಬೀರಪ್ಪ ಎದ್ದು ಬರುವಷ್ಟರಲ್ಲಿ ನಾನು ಸಿದ್ಧ.

ಹೊಳೆ ಮನೆಯಿಂದ ಅರ್ಧ ಮೈಲು. ಹಿಪ್ಪರಗಿಯ ಬ್ಯಾರೇಜು ಆದ ಮೇಲೆ ಅಲ್ಲಿ ನೀರು ಹರಿಯುವ ದಿನ ಬೇರೆ, ನಿಲ್ಲುವ ದಿನ ಬೇರೆ. ಅಂದು ಹರಿಯುತ್ತಿತ್ತು. ನಡುವೆ ಒಂದು ಹಾಸುಬಂಡೆ. ಬಂಡೆಯ ಕೆಳಗೆ ಸೆಳವು ನೀರೂ ನಿಂತ ನೀರೂ ಕೂಡುವ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ದೊಡ್ಡ ಮೀನು ಅಂಥ ಗೆರೆಯಲ್ಲೇ ಹೊಂಚು ಹಾಕುತ್ತದೆ: ನಿಂತ ನೀರಿನಲ್ಲಿ ಮೈ ಇಟ್ಟು, ಹರಿಯುವ ನೀರು ತಂದದ್ದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ನಾನು ಪ್ಯಾಂಟು ಮಡಚಿ ನೀರಿಗಿಳಿದೆ. ಮೊಣಕಾಲು, ತೊಡೆ. ಸೊಂಟದ ತನಕ ಇಳಿದು ಎಸೆಯುವುದೇ ಈ ಬೇಟೆಯ ಕ್ರಮ.

“ಸರ್,” ಎಂದ ಬೀರಪ್ಪ ದಂಡೆಯಿಂದ, ಬಹಳ ಮೆಲ್ಲಗೆ. “ಅಲ್ಲಾಡಬ್ಯಾಡ್ರಿ. ಹಿಂದಹಿಂದಕ್ಕ ಬರ್ರಿ.”

“ಯಾಕೋ?”

“ಎಡಕ್ಕ ನೋಡಬ್ಯಾಡ್ರಿ.”

ನೋಡಬೇಡ ಎಂದರೆ ನೋಡದವನು ಯಾರು? ಎಡಕ್ಕೆ ಮೂವತ್ತು ಅಡಿ ದೂರದ ಮರಳದಿಬ್ಬದ ಮೇಲೆ ನಾನು ಹುಣಸೆಮರದ ಬೊಡ್ಡೆ ಎಂದುಕೊಂಡದ್ದು ಬಾಯಿ ತೆರೆದು ಬಿಸಿಲು ಕಾಯಿಸುತ್ತಿತ್ತು. ಮೊಸಳೆ! ಹೇಗೆ ದಂಡೆಗೆ ಬಂದೆನೋ ನೆನಪಿಲ್ಲ. ಬಂದವನೇ ಬೀರಪ್ಪನ ಕಪಾಳಕ್ಕೆ ಹೊಡೆಯುವುದೊಂದು ಬಾಕಿ.

“ಮೊಸಳಿ ಐತಿ ಅಂತ ಮೊದಲ ಹೇಳಾಕ ಏನಾಗಿತ್ತೋ ನಿನಗ?”

“ಹೊಳಿ ಅಂದಮ್ಯಾಲ ಮೊಸಳಿ ಇರೂದಿಲ್ಲೇನ್ರಿ ಸರ್? ನೀವು ನೀರಾಗ ಇಳೀತೀರಿ ಅಂತ ನನಗೇನ ಗೊತ್ತು?”

ಇದನ್ನು ಓದಿ ಕೋಲು ಹಿಡಿದು ಕೃಷ್ಣೆಗೆ ಹೊರಡುವವರಿದ್ದರೆ ಒಂದು ಮಾತು: ಪುಸ್ತಕದಲ್ಲಿ ಏನೇ ಬರೆದಿರಲಿ, ದಂಡೆಯ ಎತ್ತರದ ಬಂಡೆ ಬಿಟ್ಟು ಇಳಿಯಬೇಡಿ.

ಸುಧಾರಿಸಿಕೊಂಡು ದಂಡೆಯ ಎತ್ತರದ ಬಂಡೆ ಹತ್ತಿ ಅಲ್ಲಿಂದ ಎಸೆದೆ. ಗಾಬರಿಯಲ್ಲಿ ಹುಳವನ್ನು ನೈಲಾನ್ ಎಳೆಗೆ ಕಟ್ಟಿದ್ದು ಹೇಗೋ ಏನೋ. ಸೆಳವಿಗೆ ಅಡ್ಡಲಾಗಿ ಬಿಟ್ಟು, ದಾರ ಬಿಗಿಯಾಗುವಂತೆ ಹಿಡಿದು, ಹುಳ ತಾನೇ ಕಮಾನಿನಂತೆ ತಿರುಗಿ ದಂಡೆಯ ಕಡೆ ಬರಲು ಬಿಟ್ಟೆ. ಮೂರನೆಯ ಸಲ ಆ ಗೆರೆ ದಾಟುವಾಗ ನೀರೊಳಗೆ ಯಾರೋ ಬಾಗಿಲು ಹಾಕಿದ ಹಾಗೆ ಧಡ್ ಎಂದಿತು. ನೀರ ಮೇಲೆ ಒಂದು ಅಗಲವಾದ ತಲೆ, ಬಿಳಿಯ ಹೊಟ್ಟೆ ಹೊರಳಿತು. ಬೀರಪ್ಪ “ಯಪ್ಪಾ!” ಎಂದು ಕೂತುಬಿಟ್ಟ. ರೀಲು ಅರಚಿತು. ಹತ್ತು ಎಣಿಸುವಷ್ಟರಲ್ಲಿ ದಾರ ಸಡಿಲಾಯಿತು.

ಎಳೆದು ನೋಡಿದೆ. ನೈಲಾನಿನ ತುದಿ ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿತ್ತು. ಹರಿದದ್ದಲ್ಲ, ಗಂಟು ಜಾರಿದ್ದು. ಒಣ ಗಂಟು! ಬನಹಟ್ಟಿಯ ಅಜ್ಜ ಹೇಳಿ ಒಂದು ದಿನ ಪೂರ್ತಿ ಆಗಿರಲಿಲ್ಲ. ನನ್ನ ತಲೆಗೆ ನಾನೇ ಹೊಡೆದುಕೊಂಡೆ.

ಮನೆಗೆ ಬಂದರೆ ಅಂಗಳದಲ್ಲಿ ಲಗಮವ್ವನ ದನಿ ಓಣಿಗೆಲ್ಲ ಕೇಳುತ್ತಿತ್ತು. “ಯಾಂವ ಅಂವ? ಯಾಂವ ಕತ್ತರಿ ಹಾಕಿದಾಂವ? ಕೈ ಸೇದಿ ಹೋಗ್ಲಿ ಅವಂದು!” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ತಾನಾಗಿ ಕತ್ತರಿ ಇದ್ದ ಜೇಬಿಗೆ ಹೋಯಿತು. ಮಾಯವ್ವ ಟಗರಿನ ಪಕ್ಕ ನೆಲಕ್ಕೆ ಕುಳಿತಿದ್ದಳು. ದಿನಾ ಬೆಳಗ್ಗೆ ಅದಕ್ಕೆ ಒಂದು ಹಿಡಿ ಕಾಳು ತಿನ್ನಿಸಿ ಮೈ ಸವರುವುದು ಅವಳ ರೂಢಿಯಂತೆ. ಇಂದು ಸವರುವಾಗ ಕೈಗೆ ಕತ್ತರಿ ಹಾಕಿದ ಜಾಗ ಸಿಕ್ಕಿತ್ತು. ಒಂದು ಕೈ ಆ ಜಾಗದ ಮೇಲೆ ಇತ್ತು, ಇನ್ನೊಂದು ಹೊಟ್ಟೆಯ ಮೇಲೆ.

ಬೀರಪ್ಪ ನನ್ನ ಮುಖ ನೋಡಿದ. “ಸರ್... ಹುಳದಾಗಿನ ಉಣ್ಣಿ...?”

ಹೇಳಿದೆ. ಬೇರೆ ದಾರಿ ಇರಲಿಲ್ಲ. ಬೀರಪ್ಪ ಬಿಡಿಸಿ ಹೇಳಿದ: ಆ ಟಗರೇ ಹರಕೆಯ ಟಗರು. ಮಾಯವ್ವನ ಹೊಟ್ಟೆಯಲ್ಲಿ ಕೂಸು ನಿಂತ ದಿನ ಅದನ್ನು ಬೀರದೇವರ ಹೆಸರಿಗೆ ಬಿಟ್ಟಿದ್ದರು. ಕೂಸು ಹುಟ್ಟಿ, ದೇವರ ಮುಂದೆ ಮೊದಲ ಉಣ್ಣೆ ಇಡುವ ತನಕ ಅದರ ಮೈಗೆ ಕತ್ತರಿ ತಾಗಬಾರದು. ನಾನು ನಂಬುವವನಲ್ಲ. ಆದರೆ ಅವಳು ನಂಬಿದ್ದಳು. ಎರಡು ಕೂಸು ಕಳೆದುಕೊಂಡವಳು ಆ ಟಗರಿನ ಉಣ್ಣೆ ಹಿಡಿದುಕೊಂಡೇ ಏಳು ತಿಂಗಳು ದಾಟಿದ್ದಳು. ಅದನ್ನು ನಾನು ಕತ್ತರಿಸಿ ಮೀನಿಗೆ ಹಾಕಿದ್ದೆ.

ಲಗಮವ್ವ ಬೈಯುವುದನ್ನು ನಿಲ್ಲಿಸಿದಳು. ಬೈದಿದ್ದರೆ ಚೆನ್ನಾಗಿತ್ತು. “ಮನಿಗೆ ಬಂದ ಮಂದಿ, ಏನಂತ ಅನ್ನೂದು,” ಎಂದಳು. “ಉಣ್ಣಿ ತಂದ ಕೊಡ್ರಿ ಮಾಸ್ತರ. ದೇವರದ್ದು ದೇವರಿಗೆ ಮುಟ್ಟಲಿ.”

“ಎಲ್ಲಾ ಮೀನಿನ ಬಾಯಾಗ ಹೋತ್ರಿ ಅವ್ವಾ...”

“ಹಂಗಾರ ಆ ಮೀನ ತರ್ರಿ.”

ಮಧ್ಯಾಹ್ನ ಮಾಯವ್ವ ಊಟಕ್ಕೆ ಏಳಲಿಲ್ಲ. ಸಂಜೆ ಒಂದು ಲೋಟ ಹಾಲನ್ನೂ ಪಕ್ಕಕ್ಕೆ ಸರಿಸಿದಳು. ಡಾಕ್ಟರು ಹೇಳಿದ್ದು ಹೊಟ್ಟೆ ತುಂಬ ಉಣ್ಣು ಎಂದು. ಇಳಿಹೊತ್ತಿನಲ್ಲಿ ಬಂಡೆಗೆ ಹೋಗಿ, ಕೋಳಿಗರಿಯ ಹುಳ ಕಟ್ಟಿ, ಕತ್ತಲಾಗುವ ತನಕ ಎಸೆದೆ. ಒಂದೂ ಮುಟ್ಟಲಿಲ್ಲ.

ನಾಲ್ಕನೆಯ ದಿನ ಬೆಳಗಾಗುವ ಮೊದಲೇ ಬಂಡೆಯ ಮೇಲಿದ್ದೆ. ಎಲ್ಲ ಬುದ್ಧಿ ಖರ್ಚು ಮಾಡಿದೆ. ದಪ್ಪ ನೈಲಾನ್ ಹಾಕಿದೆ. ಪ್ರತಿ ಗಂಟಿಗೂ ಉಗುಳು ಹಚ್ಚಿ ನಿಧಾನ ಬಿಗಿದು, ಮೂರು ಸಲ ಜಗ್ಗಿ ನೋಡಿದೆ. ಗಾಳಕ್ಕೆ ತಾಮ್ರದ ತಂತಿ ಸುತ್ತಿ ಹುಳ ತಳಕ್ಕೆ ಇಳಿಯುವಂತೆ ಮಾಡಿದೆ. ನೆರಳು ನೀರಿಗೆ ಬೀಳದಂತೆ ಕುಕ್ಕರಗಾಲಿನಲ್ಲಿ ಕುಳಿತೆ. ಮೀನು ಕಚ್ಚಿದಾಗ ಕೋಲು ಮೇಲೆತ್ತದೆ ಎಡಗೈಯಿಂದ ದಾರ ಜಗ್ಗಬೇಕೆಂದು ಮನಸ್ಸಿನಲ್ಲಿ ಪಾಠ ಮಾಡಿಕೊಂಡೆ. ಬಿಸಿಲು ನೀರಿಗೆ ತಾಗಿದ ಹೊತ್ತಿಗೆ, ಅದೇ ಗೆರೆಯಲ್ಲಿ, ಧಡ್ ಎಂದಿತು.

ಇಪ್ಪತ್ತು ನಿಮಿಷ ಜಗ್ಗಾಟ. ಮೀನು ಓಡಿದಾಗ ದಾರ ಬಿಟ್ಟೆ, ನಿಂತಾಗ ಸುತ್ತಿಕೊಂಡೆ. ಕೊನೆಗೆ ಬೀರಪ್ಪ ಕೈಗೆ ಟವೆಲ್ ಸುತ್ತಿಕೊಂಡು ಅದರ ಕಿವಿರಿನ ಕೆಳಗೆ ಹಿಡಿದು ಬಂಡೆಗೆ ಎಳೆದ. ಅವನ ಸೊಂಟದ ಎತ್ತರದ ಬಾಳೆಮೀನು! ಅದರ ಬಾಯಿ ಅಗಲಿಸಿದೆ. ಸಾಲು ಸಾಲು ಹಲ್ಲು. ಮೇಲಿನ ತುಟಿಯಲ್ಲಿ ನನ್ನ ಇಂದಿನ ಹುಳ. ಬೇರೆ ಏನೂ ಇಲ್ಲ. ಗಾಯದ ಗುರುತೂ ಇಲ್ಲ. ಇದು ಆ ಮೀನಲ್ಲ.

ನನ್ನ ಜೀವಮಾನದ ಅತಿ ದೊಡ್ಡ ಮೀನು. ಅದನ್ನು ನೋಡಿ ನನಗೆ ಅಳು ಬಂತು. ನೀರಿಗೆ ಬಿಟ್ಟೆ.

ಸಾಮಾನು ಕಟ್ಟುವಾಗ ಚೀಲದ ತಳದಲ್ಲಿ ಕಡ್ಡಿಪೆಟ್ಟಿಗೆ ಸಿಕ್ಕಿತು. ತೆರೆದರೆ ಉಳಿದ ಉಣ್ಣೆ! ಗಾಬರಿಯಲ್ಲಿ ಮರೆತೇಬಿಟ್ಟಿದ್ದೆ. ಬೀರಪ್ಪ ಅದನ್ನು ನೋಡಿದ, ನನ್ನನ್ನು ನೋಡಿದ.

“ಸರ್, ಇದನ್ನ ಗಾಳಕ್ಕ ಕಟ್ಟಿ, ನೀರಾಗ ಎದ್ದಿ, ಮೀನಿನ ಬಾಯಾಗ ಸಿಕ್ಕಿತು ಅನ್ನೂಣ್ರಿ. ತಂಗಿ ನಿನ್ನಿಯಿಂದ ಒಂದ ತುತ್ತ ತಿಂದಿಲ್ರಿ.”

ನಿಜ ಹೇಳುತ್ತೇನೆ, ನಾನು ಎರಡನೆಯ ಸಲ ಯೋಚಿಸಲಿಲ್ಲ. ಸುಳ್ಳಿಗೆ ಇದಕ್ಕಿಂತ ಒಳ್ಳೆಯ ಕಾರಣ ಎಲ್ಲಿ ಸಿಗುತ್ತದೆ? ಕಟ್ಟಿದೆ, ಅದ್ದಿದೆ, ರಾಡಿಯಲ್ಲಿ ಹೊರಳಿಸಿದೆ. ಮನೆಗೆ ಹೋಗಿ ಲಗಮವ್ವನ ಅಂಗೈ ಮೇಲೆ ಇಟ್ಟೆ. ಮಾಯವ್ವ ಬಾಗಿಲಲ್ಲಿ ನಿಂತಿದ್ದಳು.

ಲಗಮವ್ವ ಉಣ್ಣೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ಮೂಗಿಗೆ ಹಿಡಿದಳು.

“ನಿನ್ನಿ ಮುಂಜಾನಿಯಿಂದ ಹೊಳಿಯಾಗ ಇತ್ತೇನಿದು?”

“ಹೌದ್ರಿ ಅವ್ವಾ.”

“ಟಗರಿನ ಬೆವರ ಇನ್ನೂ ಹಂಗ ಐತಲ್ಲ ತಮ್ಮಾ. ಒಂದ ರಾತ್ರಿ ಹರಿಯೂ ನೀರಾಗ ಇದ್ದಿದ್ರ ತೊಳದ ಹೋಗಿರತಿತ್ತು. ಹುಟ್ಟಿದಾಗಿಂದ ಉಣ್ಣಿ ತೊಳದ ಕೈ ಇದು. ಇದು ನೀರ ಕಂಡು ತಾಸ ಆಗಿಲ್ಲ.”

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮಾಸ್ತರ ಎನ್ನುತ್ತಿದ್ದವಳು ತಮ್ಮಾ ಎಂದಿದ್ದಳು. ನನಗೆ ಚುಚ್ಚಿದ್ದು ಅದೇ. ಬೀರಪ್ಪ “ಅವ್ವಾ, ನಾನ ಹೇಳಿದ್ದು...” ಎಂದು ಬಾಯಿ ಹಾಕಿದ. ನಾನು ತಡೆದೆ.

“ಇಲ್ರಿ, ತಪ್ಪು ನಂದು. ಎರಡೂ ತಪ್ಪು ನಂದ. ಮೀನ ಸಿಗಲಿಲ್ಲ. ಇದಿಷ್ಟು ಉಳದಿತ್ತು. ಹೋದದ್ದು ತಂದು ಕೊಡೂದು ನನ್ನ ಕೈಯಾಗ ಇಲ್ಲ. ಏನ ಮಾಡ್ಲಿ, ನೀವ ಹೇಳ್ರಿ, ಮಾಡ್ತೀನಿ.”

ಅವಳು ಟಗರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕಣ್ಣು ನನ್ನ ಮೂಗಿನ ಕೆಳಗೆ ಬಂದು ನಿಂತಿತು.

“ಕೂದಲಿಗೆ ಕೂದಲ ಕೊಡು.”

ನನ್ನ ಕೈ ಮೀಸೆಗೆ ಹೋಯಿತು. ಇಪ್ಪತ್ತೆರಡು ವರ್ಷದ ಮೀಸೆ! ಮದುವೆಯ ಫೋಟೋದಲ್ಲಿರುವ ಮೀಸೆ! ನಾನು ತೀಡುವುದನ್ನು ಕಂಡೇ ಹುಡುಗರು ಗಪ್‌ಚುಪ್ ಆಗುತ್ತಿದ್ದ ಮೀಸೆ! “ಅವ್ವಾ, ಸರ್ ಅದಾರ!” ಎಂದು ಬೀರಪ್ಪ ಚೀರಿದ. ಬಾಗಿಲಲ್ಲಿ ಮಾಯವ್ವ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು.

“ಆತು,” ಎಂದೆ. “ಕತ್ತರಸ್ರಿ.”

ಲಗಮವ್ವ ಒಳಗೆ ಹೋಗಿ ತಂದದ್ದು ಕುರಿಯ ಕತ್ತರಿ. ಮೊಳದುದ್ದದ ಕಬ್ಬಿಣದ್ದು. ನನ್ನನ್ನು ಅಂಗಳದಲ್ಲಿ ಕೂರಿಸಿ, ಎಡಗೈಯಿಂದ ಗದ್ದ ಹಿಡಿದು ಎತ್ತಿ, ಮಂಡಿಯಿಂದ ಹೆಗಲು ಒತ್ತಿದಳು. ಒದ್ದಾಡುವ ಟಗರನ್ನು ಹೇಗೆ ಹಿಡಿಯುತ್ತಾಳೋ ಹಾಗೆ. ಕಬ್ಬಿಣ ತಣ್ಣಗೆ ತುಟಿಗೆ ತಾಗಿದಾಗ ಮೊಸಳೆಯ ಎದುರಿಗಿಂತ ಹೆಚ್ಚು ಹೆದರಿದೆ. ಕರ್ ಕರ್ ಎಂದು ನಾಲ್ಕೇ ಏಟು. ಮೇಲ್ದುಟಿಗೆ ಗಾಳಿ ಬಡಿಯಿತು.

ಟಗರು ಕೊರಳು ಅಲ್ಲಾಡಿಸಿ, ನನ್ನನ್ನು ದಿಟ್ಟಿಸಿ, “ಬ್ಯಾ” ಎಂದಿತು.

ಮಾಯವ್ವ ನಕ್ಕಳು. ಮೊದಲು ಸೆರಗಿನೊಳಗೆ, ಆಮೇಲೆ ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದು. “ಯವ್ವಾ, ನೋಡ ಬೇ! ಮಾಸ್ತರ ಥೇಟ್ ಕತ್ತರಿಸಿದ ಕುರಿ ಕಂಡಂಗ ಕಾಣ್ತಾರ!” ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನೀರು ಬಂದದ್ದೇ ಅಳುವೂ ಆಯಿತು. ಅತ್ತು ಮುಗಿದ ಮೇಲೆ ಹೊಸ್ತಿಲ ಮೇಲೆ ಕುಳಿತು, “ಅವ್ವಾ, ಹಸಿವ್ಯಾಗೈತಿ” ಎಂದಳು. ಲಗಮವ್ವ ಕತ್ತರಿ ಅಲ್ಲೇ ಬಿಟ್ಟು ಒಲೆಗೆ ಓಡಿದಳು. ಮಾಯವ್ವ ಮೂರು ರೊಟ್ಟಿ ತಿಂದಳು, ನಾನೇ ಎಣಿಸಿದೆ.

ಐದನೆಯ ದಿನ ಬೆಳಗ್ಗೆ ಹೊರಟೆ. ಟಗರಿನ ಕೊರಳಿನ ಗಂಟೆಯ ಪಕ್ಕ ಒಂದು ಹಳದಿ ಬಟ್ಟೆಯ ಗಂಟು ತೂಗುತ್ತಿತ್ತು. ಅದರೊಳಗೆ ಉಳಿದ ಉಣ್ಣೆ ಮತ್ತು ನನ್ನ ಮೀಸೆ. ಟಂಟಂ ಹತ್ತುವಾಗ ಲಗಮವ್ವ ಹತ್ತಿರ ಬಂದು ಬುತ್ತಿಯ ಗಂಟು ಕೊಟ್ಟಳು.

“ತಮ್ಮಾ, ಕೂಸ ಬರೂತನಕ ಬೆಳಸಬ್ಯಾಡ. ಟಗರಿಗೆ ಕೊಟ್ಟದ್ದು ಕೊಟ್ಟಂಗ ಇರಲಿ.”

“ಬೆಳಸೂದಿಲ್ರಿ ಅವ್ವಾ,” ಎಂದೆ. ಈ ಸಲ ಅವಳು ನನ್ನ ಮಾತನ್ನು ಮೂಸಿ ನೋಡಲಿಲ್ಲ.

ಹೋಗುವಾಗ ಸಿಕ್ಕಿದ್ದ ಕಂಡಕ್ಟರೇ ಮುಧೋಳದಲ್ಲಿ ಸಿಕ್ಕ. ಕೊಳವೆಯ ಗುರುತು ಹಿಡಿದ, ನನ್ನ ಗುರುತು ಹಿಡಿಯಲಿಲ್ಲ. “ಈ ಕೋಲಿನ ಫೌಜಿ ಸಾಹೇಬ್ರ ಎಲ್ಲದಾರ್ರಿ?” ಎಂದು ನನ್ನನ್ನೇ ಕೇಳಿದ. ಮನೆಯ ಬಾಗಿಲು ತೆರೆದ ಹೆಂಡತಿ “ಯಾರ ಬೇಕಾಗಿತ್ರಿ?” ಎಂದವಳು, ಗೊತ್ತಾದ ಮೇಲೆ ಕೈಯಲ್ಲಿದ್ದ ತಂಬಿಗೆ ಬೀಳಿಸಿದಳು. ಶಾಲೆಯಲ್ಲಿ ಎರಡು ವಾರ ನನ್ನ ತರಗತಿಗಳು ನಡೆದದ್ದು ಹೇಗೋ ಆ ದೇವರಿಗೇ ಗೊತ್ತು.

ನಾನು ನಂಬುವವನಲ್ಲ. ಇಂದಿಗೂ ಇಲ್ಲ. ಆದರೆ ದಿನಾ ಬೆಳಗ್ಗೆ ಕನ್ನಡಿಯ ಮುಂದೆ ಮೊದಲು ಮೂಗಿನ ಕೆಳಗೆ ಬ್ಲೇಡು ಹಾಯಿಸುತ್ತಿದ್ದೆ. ಎಂಟನೆಯ ತಿಂಗಳು ನಡೆದಿದ್ದ ದಿನಗಳಲ್ಲಿ ಎರಡೆರಡು ಸಲ ಹಾಯಿಸಿದ್ದೂ ಉಂಟು; ಹೆಂಡತಿ ನೋಡಿ ಸುಮ್ಮನಾಗುತ್ತಿದ್ದಳು. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದಾಗ ಫೋನು ಬಂತು. ಬೀರಪ್ಪನ ದನಿ ಒಡೆದಿತ್ತು.

“ಹೆಣ್ಣ ಕೂಸ್ರಿ ಸರ್. ಇಬ್ರೂ ಆರಾಮ ಅದಾರ್ರಿ.”

ಗದ್ದ, ಕೆನ್ನೆ ಎಲ್ಲ ಬೋಳಿಸಿದೆ. ಮೂಗಿನ ಕೆಳಗಿನ ಸೋಪನ್ನು ಟವೆಲಿನಿಂದ ಒರೆಸಿಕೊಂಡೆ.